ಹೋಂವರ್ಕ್ ಒಂದು ದಿನವೂ ತಪ್ಪಿಸಿಲ್ಲ, ಆದರೂ ಪರೀಕ್ಷೆಯಲ್ಲಿ ಅಂಕ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಹತ್ತನೇ ಕ್ಲಾಸ್, ಸ್ಟೇಟ್ ಸಿಲೆಬಸ್. ಹೋಂವರ್ಕ್ ಎಲ್ಲಾ ಬರೆಯುತ್ತೇನೆ, ನೋಟ್ಸ್ ನೀಟಾಗಿದೆ. ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಸೇರಿ ಚರ್ಚೆ ಮಾಡುತ್ತೇವೆ, ಬಾರದ ಲೆಕ್ಕಕ್ಕೆ ಯಾರಾದರೂ ಫೋಟೋ ಹಾಕುತ್ತಾರೆ, ಅರ್ಥ ಮಾಡಿಕೊಂಡು ಬರೆಯುತ್ತೇನೆ. ಆದರೂ ಅರ್ಧವಾರ್ಷಿಕದಲ್ಲಿ ಗಣಿತ 80ಕ್ಕೆ 31. ‘ಏನೂ ಓದಿಲ್ಲ’ ಅಂತ ಹೇಳುವ ಫ್ರೆಂಡ್‌ಗೆ 70. ಅಮ್ಮ ಫೋನ್ ಕಿತ್ತುಕೊಳ್ಳುತ್ತೇನೆ ಅಂತಿದ್ದಾರೆ. ನಾನು ಏನು ಮಾಡಲಿ?

ಉತ್ತರ:

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು, ಎಸ್ಸೆಸ್ಸೆಲ್ಸಿ ಪೇಪರ್ ವ್ಯಾಲ್ಯುಯೇಷನ್‌ಗೂ ಹೋಗುತ್ತೇನೆ. ಹಾಗಾಗಿ ಹೋಂವರ್ಕ್ ಪುಸ್ತಕವನ್ನೂ ನೋಡಿದ್ದೇನೆ, ಉತ್ತರ ಪತ್ರಿಕೆಯನ್ನೂ ನೋಡಿದ್ದೇನೆ. ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮೇಷ್ಟ್ರುಗಳ ಬಾಯಿಗೆ ಹತ್ತನೇ ಕ್ಲಾಸಿನವರನ್ನು ನೀವು ಅನ್ನುವುದು ಒಗ್ಗುವುದಿಲ್ಲ.

ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ. ‘ಯಾರಾದರೂ ಫೋಟೋ ಹಾಕುತ್ತಾರೆ, ಅರ್ಥ ಮಾಡಿಕೊಂಡು ಬರೆಯುತ್ತೇನೆ’ ಅಂದಿದ್ದೀಯಲ್ಲ, ಆ ಒಂದು ಸಾಲನ್ನು ಹಿಡಿದುಕೋ. ಬೇರೆಯವರು ಬಿಡಿಸಿದ ಲೆಕ್ಕ ನೋಡಿದಾಗ ಎಲ್ಲರಿಗೂ ಅರ್ಥ ಆಗುತ್ತದೆ. ನಾನು ಬೋರ್ಡಿನ ಮೇಲೆ ಬಿಡಿಸಿ ‘ಅರ್ಥ ಆಯ್ತಾ’ ಅಂದರೆ ಇಡೀ ಕ್ಲಾಸು ‘ಆಯ್ತು ಸಾರ್’ ಅನ್ನುತ್ತದೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ನಿಜವಾಗಿಯೂ ಅರ್ಥ ಆಗಿರುತ್ತದೆ. ಬೋರ್ಡ್ ಒರೆಸಿ ಅದೇ ಲೆಕ್ಕವನ್ನು ಅಂಕಿ ಬದಲಿಸಿ ಕೊಟ್ಟರೆ ಅರ್ಧ ಕ್ಲಾಸು ಪೆನ್ನಿನ ತುದಿ ಕಚ್ಚುತ್ತಾ ಕೂತಿರುತ್ತದೆ. ಪರೀಕ್ಷೆ ಕೇಳುವುದು ಈ ಎರಡನೆಯದನ್ನು. ನಿನ್ನ ಹೋಂವರ್ಕ್ ಪೂರ್ತಿ ನಡೆಯುತ್ತಿರುವುದು ಮೊದಲನೆಯದರಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ವರ್ಗಸಮೀಕರಣದ ಪಾಠದಲ್ಲಿ ಎಕ್ಸ್ ವರ್ಗ ಮೈನಸ್ 3ಎಕ್ಸ್ ಮೈನಸ್ 10 ಸಮ ಸೊನ್ನೆ ಅಂತ ಒಂದು ಲೆಕ್ಕ ಇದೆ, ನೀನೂ ಮಾಡಿರುತ್ತೀಯ. ಅಪವರ್ತಿಸಿದರೆ (ಎಕ್ಸ್ − 5)(ಎಕ್ಸ್ + 2) ಬರುತ್ತದೆ, ಉತ್ತರ 5 ಮತ್ತು −2. ಹೋಂವರ್ಕ್ ನೋಡುವಾಗ ಒಂದು ಬೆಂಚಿನ ಅಷ್ಟೂ ಪುಸ್ತಕದಲ್ಲಿ ಮೇಲಿನ ಸಾಲುಗಳೆಲ್ಲಾ ಸರಿ ಇದ್ದು, ಕೊನೆಯಲ್ಲಿ ಮಾತ್ರ 5 ಮತ್ತು 2 ಅಂತ ಇರುತ್ತದೆ. ಮೈನಸ್ ಮಾಯ. ಮೊದಲು ಫೋಟೋ ಹಾಕಿದವರು ಆತುರದಲ್ಲಿ ಚಿಹ್ನೆ ಬಿಟ್ಟಿದ್ದಾರೆ, ಉಳಿದವರು ಅದನ್ನೂ ಸೇರಿಸಿ ಇಳಿಸಿದ್ದಾರೆ. ಕೆಲವರು ಆ ಉತ್ತರದ ಕೆಳಗೆ ಸ್ಕೇಲ್ ಇಟ್ಟು ಹಸಿರು ಪೆನ್ನಲ್ಲಿ ಗೆರೆ ಬೇರೆ ಎಳೆದಿರುತ್ತಾರೆ! 2 ಅನ್ನು ಸಮೀಕರಣಕ್ಕೆ ಹಾಕಿ ನೋಡಿದ್ದರೆ 4 − 6 − 10, ಅಂದರೆ −12 ಬಂತು, ಸೊನ್ನೆ ಬರಲಿಲ್ಲ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಸ್ವಂತ ಮಾಡಿದವರಿಗೆ ತಾಳೆ ನೋಡುವ ಆಸೆ ತಾನಾಗೇ ಬರುತ್ತದೆ, ಇಳಿಸಿದವರಿಗೆ ಪುಸ್ತಕ ಮುಚ್ಚಿದರೆ ಸಾಕಾಗಿರುತ್ತದೆ.

ಹಾಗಂತ ನೀಟಾದ ಹೋಂವರ್ಕ್ ದಂಡ ಅಂತ ಹೇಳುತ್ತಿಲ್ಲ. ಆಂತರಿಕ ಅಂಕ ಅಂತ ಒಂದಿದೆಯಲ್ಲ, ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ಎಫ್‌ಎ ಟೆಸ್ಟು, ಚಟುವಟಿಕೆ, ಪ್ರಾಜೆಕ್ಟು ಎಲ್ಲಾ ಅದರೊಳಗೆ ಬರುತ್ತದೆ. ನಿನ್ನಂಥ ಅಚ್ಚುಕಟ್ಟಿನವರಿಗೆ ಅದು ಸಲೀಸಾಗಿ ಸಿಗುತ್ತದೆ. ಆದರೆ ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕದಲ್ಲಿ ಅದೆಲ್ಲಾ ಕೂಡಿದರೆ 125 ಆಯಿತು. ಉಳಿದ 500 ಹಾಲ್‌ನಲ್ಲಿ ಒಬ್ಬಳೇ ಕೂತು ಬರೆಯುವುದಕ್ಕೆ.

ಹಾಲ್‌ನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ‘ಅಲ್ಲಿ ಹೇಗೋ ಆಗುತ್ತೆ ಬಿಡು’ ಅನ್ನುವ ಗೆಳೆಯರು ನಿನ್ನ ಗ್ರೂಪಲ್ಲೂ ಇರುತ್ತಾರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯೊಳಗೆ ನಡೆಯುವುದನ್ನು ದೂರದಿಂದ ನೇರವಾಗಿ ನೋಡುವುದು, ಶುರುಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಪರೀಕ್ಷೆ-1ರಲ್ಲಿ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾ? ಸಮಾಧಾನದ ವಿಷಯವೂ ಒಂದಿದೆ. ಅದೇ ವರ್ಷದಿಂದ ಪರೀಕ್ಷೆ-1, ಪರೀಕ್ಷೆ-2 ಹೀಗೆ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿದೆ, ಯಾವುದರಲ್ಲಿ ಜಾಸ್ತಿ ಬರುತ್ತೋ ಅದನ್ನು ಉಳಿಸಿಕೊಳ್ಳಬಹುದು. ಒಂದು ಪರೀಕ್ಷೆ ಕೆಟ್ಟರೆ ಜೀವನವೇ ಹೋಯಿತು ಅಂತ ನಡುಗುವ ಕಾಲ ಇದಲ್ಲ. ಮನೆಯಲ್ಲಿ ಅಪ್ಪ ಅಮ್ಮನಿಗೂ ಇದನ್ನು ಹೇಳು, ಎಷ್ಟೋ ಜನಕ್ಕೆ ಇನ್ನೂ ಸಪ್ಲಿಮೆಂಟರಿ ಅನ್ನುವ ಹಳೇ ಭಯವೇ ಇದೆ.

ಈಗ ನಿನ್ನ ‘ಏನೂ ಓದಿಲ್ಲ’ ಗೆಳತಿ. ಈ ಡೈಲಾಗ್ ನಾನು ಓದುವಾಗಲೂ ಇತ್ತು, ನನ್ನ ಅಪ್ಪ ಓದುವಾಗಲೂ ಇತ್ತು ಅನ್ನಿಸುತ್ತದೆ. ಪರೀಕ್ಷೆ ಗೇಟಿನ ಹತ್ತಿರ ನಿಂತು ‘ಏನೂ ಓದಿಲ್ಲ ಕಣೇ, ಇವತ್ತು ಫೇಲೇ’ ಅಂತಾರೆ, ರಿಸಲ್ಟ್ ದಿನ ತೊಂಬತ್ತರ ಮೇಲೆ ತೆಗೆದು ‘ಹೇಗೆ ಬಂತೋ ಗೊತ್ತಿಲ್ಲಪ್ಪ’ ಅಂತಾರೆ. ಅವಳು ನಿನಗೆ ಮೋಸ ಮಾಡುತ್ತಿದ್ದಾಳೆ ಅಂತ ತಿಳಿಯಬೇಡ, ದೃಷ್ಟಿ ತಾಗಬಾರದು ಅಂತಲೋ, ಕಡಿಮೆ ಬಂದರೆ ಮಾನ ಉಳಿಯಲಿ ಅಂತಲೋ ಹಾಗೆ ಹೇಳುವುದು ರೂಢಿ. ಸುಮ್ನೆ ನಕ್ಕು ಬಿಡು. ಆದರೆ ಒಂದು ಕೆಲಸ ಮಾಡು, ಅವಳ ರಫ್ ಪುಸ್ತಕ ಒಮ್ಮೆ ಇಸ್ಕೊಂಡು ನೋಡು. ನೋಟ್ಸ್ ಬೇಡ, ರಫ್ ಪುಸ್ತಕ. ಅದರಲ್ಲಿ ಹೊಡೆದು ಹಾಕಿದ್ದು, ಕಾಟು, ಒಂದೇ ಲೆಕ್ಕ ಮತ್ತೆ ಮತ್ತೆ, ಇದೆಲ್ಲಾ ಸಿಗುವ ಸಾಧ್ಯತೆ ಜಾಸ್ತಿ. ನಿನ್ನ ರಫ್ ಪುಸ್ತಕ ಹೇಗಿದೆ ಅಂತ ನೋಡಿಕೋ. ಖಾಲಿ ಇದ್ದರೆ 31 ಎಲ್ಲಿಂದ ಬಂತು ಅಂತ ತಿಳಿಯಿತು.

ನಾನೊಬ್ಬನೇ ಹೇಳುವ ಮಾತಲ್ಲ ಇದು. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟು ನೋಡಿದರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ. 40ರಷ್ಟು ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ 61. ಮಾರ್ಚ್‌ನಲ್ಲಿ ಬರೆಯುವ ಪರೀಕ್ಷೆಗೆ ಇದರಲ್ಲಿ ಯಾವುದು ಬೇಕು ಅಂತ ನೀನೇ ಹೇಳು. ರಾತ್ರಿ ಓದಿ ಬೆಳಿಗ್ಗೆ ಟೆಸ್ಟ್ ಬರೆದಾಗ ಚೆನ್ನಾಗಿ ಬಂದು, ಅರ್ಧವಾರ್ಷಿಕದಲ್ಲಿ ಕೈ ಕೊಡುವುದು ಈ ಕಾರಣಕ್ಕೇ.

ಸರಿ, ಏನು ಮಾಡಬೇಕು. ಮೊದಲು ಫೋನ್. ಅಮ್ಮನ ಸಿಟ್ಟು ಅರ್ಥ ಆಗುತ್ತದೆ, ಆದರೆ ಗ್ರೂಪ್ ಬಿಟ್ಟು ಬಾ ಅಂತ ನಾನು ಹೇಳಲಾರೆ. ಹಳ್ಳಿ ಕಡೆ ಟ್ಯೂಷನ್ ಇಲ್ಲದ ಮಕ್ಕಳಿಗೆ ಆ ಗ್ರೂಪೇ ಆಸರೆ. ಗ್ರೂಪಿನ ಮಾತು ಬದಲಾಗಬೇಕು ಅಷ್ಟೆ. ‘ಹೋಂವರ್ಕ್ ಹಾಕ್ರೇ ಯಾರಾದ್ರೂ’ ಅಂತ ಮೆಸೇಜ್ ಬಂದರೆ ಉತ್ತರದ ಫೋಟೋ ಹಾಕಬೇಡಿ. ಕೇಳಿದವರು ತಾವು ಎಲ್ಲಿವರೆಗೆ ಬಂದಿದ್ದೇವೆ ಅನ್ನುವ ಫೋಟೋ ಮೊದಲು ಹಾಕಲಿ, ತಪ್ಪಿದ್ದರೂ ಪರವಾಗಿಲ್ಲ, ಎರಡು ಸಾಲಿದ್ದರೂ ಸಾಕು. ಉಳಿದವರು ಮುಂದಿನ ಒಂದು ಹೆಜ್ಜೆ ಮಾತ್ರ ಹೇಳಿ. ‘ಮಧ್ಯದ ಪದ ಒಡೆದು ನೋಡು’ ಅಂತ ಅಷ್ಟೇ. ಮೊದಲ ವಾರ ಬೈಯುತ್ತಾರೆ, ದೊಡ್ಡ ಟೀಚರ್ ಬಂದಳು ನೋಡು ಅಂತಾರೆ. ಅನ್ನಲಿ. ನಾಲ್ಕು ಜನ ಒಪ್ಪಿದರೂ ಸಾಕು, ನಿಮ್ಮದೇ ಸಣ್ಣ ಗ್ರೂಪ್ ಮಾಡಿಕೊಳ್ಳಿ. ಇನ್ನೊಂದು, ಪ್ರಮೇಯವನ್ನು ವಾಯ್ಸ್ ಮೆಸೇಜಲ್ಲಿ ಹೇಳಿ ಕಳಿಸುವುದು. ಥೇಲ್ಸ್ ಪ್ರಮೇಯವನ್ನು ಪುಸ್ತಕ ಮುಚ್ಚಿ ಬಾಯಲ್ಲಿ ಹೇಳಲು ಹೋಗು, ರಚನೆ ಯಾವುದು ಅಂತ ಮರೆತಿರುವುದು ಅಲ್ಲೇ ಸಿಕ್ಕಿಬೀಳುತ್ತದೆ. ಮತ್ತೆ ಹೊತ್ತು ಗೊತ್ತು ಇರಲಿ. ಹತ್ತರ ಮೇಲೆ ನಡೆಯುವುದು ಓದಿನ ಚರ್ಚೆ ಅಲ್ಲ, ಯಾರ ಕ್ಲಾಸಲ್ಲಿ ಯಾರು ಏನಂದರು ಅನ್ನುವ ಚರ್ಚೆ. ಬೆಳಿಗ್ಗೆ ಐದಕ್ಕೆ ಮೇಷ್ಟ್ರು ಫೋನ್ ಮಾಡಿ ‘ಎದ್ದಿದ್ದೀಯಾ’ ಅಂತ ಕೇಳುವ ಶಾಲೆ ನಿನ್ನದಾದರೆ ಇನ್ನೂ ಬೇಗ ಮಲಗು.

ಹೋಂವರ್ಕ್ ಮಾಡುವಾಗ ಮೊದಲು ರಫ್ ಪುಸ್ತಕ, ಆಮೇಲೆ ಫೇರ್. ರಫ್‌ನಲ್ಲಿ ಉತ್ತರ ನೋಡದೆ ಒಂದು ಹತ್ತು ನಿಮಿಷ ಒದ್ದಾಡು. ಆ ಒದ್ದಾಟ ಹಿಂಸೆ ಅನ್ನಿಸುತ್ತದೆ, ಟೈಮ್ ವೇಸ್ಟ್ ಅನ್ನಿಸುತ್ತದೆ. ಬಿಡಬೇಡ, ಕಲಿಯುವುದು ಅಲ್ಲೇ. ಆಗದೇ ಹೋದರೆ ನೋಡು, ತಪ್ಪಿಲ್ಲ. ಆದರೆ ನೋಡಿದ ಮೇಲೆ ಮುಚ್ಚಿಟ್ಟು ಬರೆ, ಎರಡು ದಿನ ಬಿಟ್ಟು ಅದೇ ಲೆಕ್ಕ ಇನ್ನೊಮ್ಮೆ ಮಾಡು. ಹೀಗೆ ಮಾಡಿದರೆ ದಿನದ ಹೋಂವರ್ಕ್ ಪೂರ್ತಿ ಮುಗಿಯುವುದಿಲ್ಲ, ನಿಜ. ಹತ್ತರಲ್ಲಿ ಆರು ಲೆಕ್ಕ ಸ್ವಂತ ಮಾಡಿ, ನಾಲ್ಕು ಖಾಲಿ ಬಿಟ್ಟು ‘ಸಾರ್, ಇದು ಇಲ್ಲಿಗೆ ನಿಂತಿತು’ ಅಂತ ಹೋಗಿ ಕೇಳು. ಹಾಗೆ ಕೇಳಿದ ಮಕ್ಕಳಿಗೆ ಬೈದ ಮೇಷ್ಟ್ರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ಬಹಳ ಜನಕ್ಕೆ ಅಂಥ ಪುಸ್ತಕ ಕಂಡರೆ ಒಳಗೊಳಗೇ ಖುಷಿ.

ಗಣಿತದ ಪೇಪರ್ ಹೇಗಿರುತ್ತದೆ ಅಂತ ಸರಿಯಾಗಿ ನೋಡಿದ್ದೀಯಾ? ಇತ್ತೀಚಿನ ವರ್ಷಗಳಲ್ಲಿ 38 ಪ್ರಶ್ನೆ, 80 ಅಂಕ. ಬಹು ಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರರದ್ದು 9, ನಾಲ್ಕರದ್ದು 4, ಐದರದ್ದು ಒಂದೇ ಒಂದು. ಎರಡು-ಮೂರು ಅಂಕದವೇ ಕೂಡಿದರೆ 43 ಆಗುತ್ತದೆ, ಅರ್ಧಕ್ಕಿಂತ ಜಾಸ್ತಿ. ನೀವೆಲ್ಲಾ ಹೆದರುವುದು ಕೊನೆಯ ಐದು ಅಂಕಕ್ಕೆ, ಕಳೆದುಕೊಳ್ಳುವುದು ನಡುವಿನಲ್ಲಿ. ನಾವು ಪೇಪರ್ ನೋಡುವಾಗ ಕೈಯಲ್ಲಿ ಸ್ಕೀಮ್ ಇರುತ್ತದೆ. ಹಂತ ಹಂತಕ್ಕೆ ಅಂಕ, ಎಷ್ಟೋ ಕಡೆ ಅರ್ಧ ಅರ್ಧ. ಸೂತ್ರ ಬರೆದು, ಬೆಲೆ ಹಾಕಿ, ಕೊನೆಯಲ್ಲಿ ಕೂಡುವುದರಲ್ಲಿ ತಪ್ಪಿದವರಿಗೂ ಹಂತದ ಅಂಕ ಹೋಗುವುದಿಲ್ಲ. ಪ್ರಮೇಯದಲ್ಲಿ ಚಿತ್ರ, ದತ್ತ, ಸಾಧನೀಯ, ರಚನೆ ಇಷ್ಟು ಬರೆದಿದ್ದರೂ ಕೈಗೆ ಏನೋ ಸಿಗುತ್ತದೆ. ಪೂರ್ತಿ ಬಾರದು ಅಂತ ಜಾಗ ಖಾಲಿ ಬಿಟ್ಟು ಹೋದ ಪೇಪರ್ ಕಂಡಾಗ ನಮಗೇ ಸಂಕಟ, ಕೊಡಬೇಕು ಅಂದರೂ ಏನಕ್ಕೆ ಕೊಡುವುದು? ಶುರುವಿನ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೇ ಕೊಟ್ಟಿರುತ್ತಾರೆ, ಅದನ್ನು ಓದುವುದಕ್ಕೇ ಬಳಸು. ಸುತ್ತ ಯಾರ ಮುಖ ಹೇಗಿದೆ ಅಂತ ನೋಡುವುದಕ್ಕಲ್ಲ.

ಸಮಾಜ ವಿಜ್ಞಾನಕ್ಕೂ ಇದೇ ಮದ್ದು. ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆಗೆ ಅಟ್ಲಾಸ್ ನೋಡುತ್ತಾ ಕೂತರೆ ಬರುವುದಿಲ್ಲ, ಹಾಳೆ ತೆಗೆದು ಗೆರೆ ಎಳೆಯಬೇಕು, ಗುಜರಾತ್ ಮೂಗು ಸೊಟ್ಟ ಆದರೂ ಸರಿ. ವಿಜ್ಞಾನದ ಚಿತ್ರಗಳೂ ಅಷ್ಟೇ. ಭಾಷಾ ವಿಷಯಗಳಲ್ಲಿ ನಿನಗೆ ತೊಂದರೆ ಇದ್ದಂತಿಲ್ಲ, ಬಿಡು.

ಗೈಡು, ಪಾಸಾಗುವುದಕ್ಕೆ ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಸಿಂಗ್ ಪ್ಯಾಕೇಜ್ ಬಗ್ಗೆ ಯಾರಾದರೂ ಕೆಳಗೆ ಬರೆಯುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಪಾಸಾದರೆ ಸಾಕು ಅನ್ನುವ ಹುಡುಗರಿಗೆ ಪ್ಯಾಕೇಜ್ ನಾವೇ ಕೊಡುತ್ತೇವೆ, ತಪ್ಪಲ್ಲ. ನಿನಗೆ ಅದು ಬೇಡ. ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ, ಹಳೇ ಪೇಪರ್ ನಿನ್ನ ಶಾಲೆಯಲ್ಲೇ ಇರುತ್ತದೆ. ಭಾನುವಾರ ಬೆಳಿಗ್ಗೆ ಒಂದು ಪೇಪರ್ ಇಟ್ಟುಕೊಂಡು, ಫೋನ್ ಅಮ್ಮನ ಕೈಗೆ ನೀನೇ ಕೊಟ್ಟು, ಮೂರು ಗಂಟೆ ಕೂತು ಬರೆ. ಅಮ್ಮನ ಸಿಟ್ಟೂ ಇಳಿಯುತ್ತದೆ.

ಮತ್ತೆ ಮಾರ್ಚ್‌ನಲ್ಲಿ, ಒಂದು ಪೇಪರ್ ಮುಗಿಸಿ ಹೊರಗೆ ಬಂದ ತಕ್ಷಣ ಮರದ ಕೆಳಗೆ ನಿಂತು ‘ಆ ಒಂದು ಮಾರ್ಕ್ಸಿಂದಕ್ಕೆ ಬಿ ನಾ ಸಿ ನಾ’ ಅಂತ ತಾಳೆ ನೋಡುವ ಗುಂಪಿಗೆ ಸೇರಬೇಡ. ಬರೆದದ್ದು ಬದಲಾಗುವುದಿಲ್ಲ, ಮುಂದಿನ ಪೇಪರಿನ ಓದು ಮಾತ್ರ ಹಾಳಾಗುತ್ತದೆ.

ಅರ್ಧವಾರ್ಷಿಕದ ಆ 31ರ ಪೇಪರ್ ನಿನ್ನ ಹತ್ತಿರ ಇದ್ದರೆ, ಹೆಸರು ಮತ್ತು ಶಾಲೆ ಕಾಣದ ಹಾಗೆ ಮಾಡಿ ಒಂದೆರಡು ಪುಟದ ಫೋಟೋ ಇಲ್ಲಿ ಹಾಕು. ಯಾವ ಹಂತದಲ್ಲಿ ಅಂಕ ಹೋಗಿದೆ ಅಂತ ನೋಡಿ ಹೇಳುತ್ತೇನೆ. ಉತ್ತರ ಮಾತ್ರ ಬಿಡಿಸಿ ಕೊಡುವುದಿಲ್ಲ.