ಜರ್ಮನ್ ಶೂಟಿಂಗ್ ಸಂಘಗಳ ಹಳೆ ಕಠಾರಿಗಳು ಒಂದರಂತೆ ಇನ್ನೊಂದು ಯಾಕಿಲ್ಲ? ಅಸಲಿ ಯಾವುದು ಅಂತ ತಿಳಿಯುವುದು ಹೇಗೆ?

ಆನ್‌ಲೈನ್ ಹರಾಜಿನಲ್ಲಿ ಜರ್ಮನ್ ಶೂಟಿಂಗ್ ಸಂಘಗಳ ಹಳೆ ಕಠಾರಿಗಳನ್ನು ನೋಡಿದ್ದೀರಿ. ಒಂದೊಂದೂ ಒಂದೊಂದು ಥರ ಇವೆ, ಸಂಗ್ರಹ ಶುರು ಮಾಡಬೇಕು ಅಂದರೆ ಇದರಲ್ಲಿ 'ಸರಿಯಾದ ಮಾದರಿ' ಯಾವುದು ಅಂತ ಕೇಳಿದ್ದೀರಿ. ಬೆಂಗಳೂರಿಗೆ ತರಿಸಬಹುದಾ ಅಂತಲೂ ಕೇಳಿದ್ದೀರಿ. ನಾನು ಇರುವುದು ಜರ್ಮನಿಯ ಡ್ಯೂಸೆಲ್ಡಾರ್ಫ್ ಕಡೆ, ಕತ್ತಿ ತಯಾರಿಕೆಗೆ ಹೆಸರಾದ ಸೋಲಿಂಗನ್ ಊರು ಇಲ್ಲಿಗೆ ತೀರಾ ಹತ್ತಿರ. ಈ ವಸ್ತುಗಳ ಮೇಲೆ ನನಗೆ ಬಹಳ ಪ್ರೀತಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ಉತ್ತರ: ಸರಿಯಾದ ಮಾದರಿ ಅಂತ ಒಂದಿಲ್ಲ. ಸೈನ್ಯದ ಕತ್ತಿಗೆ ಸರ್ಕಾರವೇ ಅಳತೆ, ಆಕಾರ ಎಲ್ಲ ಗೊತ್ತು ಮಾಡುತ್ತಿತ್ತು. ಶೂಟಿಂಗ್ ಸಂಘ ಹಾಗಲ್ಲ, ಅದು ಊರವರದ್ದು. ಊರು ಕಾಯಲು ಮಧ್ಯಯುಗದಲ್ಲಿ ಹುಟ್ಟಿದ ಪಡೆಗಳು ಕಾಲ ಕಳೆದಂತೆ ಹಬ್ಬ, ಮೆರವಣಿಗೆ, ಗುರಿ ಸ್ಪರ್ಧೆಯ ಸಂಘಗಳಾದವು. ಬೇಕರಿಯವನು, ಬಡಗಿ, ವಕೀಲ ಎಲ್ಲ ಒಂದೇ ಸಾಲಿನಲ್ಲಿ ಸಮವಸ್ತ್ರ ಹಾಕಿ ನಡೆಯುತ್ತಾರೆ. ಎಷ್ಟೋ ಊರುಗಳಲ್ಲಿ ಕಂಬದ ಮೇಲಿಟ್ಟ ಮರದ ಹಕ್ಕಿಗೆ ಗುಂಡು ಹೊಡೆಯುತ್ತಾರೆ, ಅದನ್ನು ಉದುರಿಸಿದವನು ಆ ವರ್ಷದ ರಾಜ. ನಮ್ಮೂರ ಪಕ್ಕದ ನಾಯ್ಸ್‌ನಲ್ಲಿ ಈಗಿನ ರೂಪದ ಹಬ್ಬ 1823ರಿಂದ ನಡೆಯುತ್ತಿದೆ. ಜರ್ಮನಿಯ ಬೇರೆ ಬೇರೆ ಕಡೆಯ ಸಂಘಗಳು ಸೇರಿ ಗೋಥಾ ಊರಿನಲ್ಲಿ ಒಕ್ಕೂಟ ಕಟ್ಟಿದ್ದು 1861ರಲ್ಲಿ.

ಕೊಡವರ ಪೀಚೆಕತ್ತಿ ನೋಡಿದವರಿಗೆ ಈ ಕಠಾರಿ ಬೇಗ ಅರ್ಥವಾಗುತ್ತದೆ. ಮದುವೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಪೀಚೆಕತ್ತಿ ಯಾರನ್ನೂ ಇರಿಯಲು ಅಲ್ಲ, 'ನಾನು ಇವರವನು' ಅಂತ ಹೇಳಲು. ಇದೂ ಅಷ್ಟೇ.

ಒಂದು ಸಂಘಕ್ಕೆ ಕಠಾರಿ ಬೇಕಾದರೆ ಸೋಲಿಂಗನ್‌ನ ಯಾವುದೋ ಕಾರ್ಖಾನೆಯ ಕ್ಯಾಟಲಾಗ್ ತರಿಸುತ್ತಿದ್ದರು. ಅಲಗು ಇಂಥದ್ದು, ಹಿಡಿ ಇಂಥದ್ದು, ಹಿತ್ತಾಳೆಯೋ ನಿಕಲ್ ಲೇಪವೋ, ಚಿತ್ತಾರ ಬೇಕೋ ಬೇಡವೋ ಅಂತ ಆರಿಸುವುದು. ಕೈ ಬಿಗಿ ಇದ್ದ ಸಂಘ ಸಾದಾ ಅಲಗು ತೆಗೆದುಕೊಂಡಿತು. ಅನುಕೂಲವಂತ ಸದಸ್ಯ ಅದೇ ಕಠಾರಿಗೆ ಎರಡೂ ಮಗ್ಗುಲು ಚಿತ್ತಾರ ಹಾಕಿಸಿ ತನ್ನ ಹೆಸರು ಬರೆಸಿದ. ನೀವು ನೋಡಿದ ವೈವಿಧ್ಯ ಹುಟ್ಟಿದ್ದೇ ಹೀಗೆ. ಆದ್ದರಿಂದ 'ಪೂರ್ತಿ ಸೆಟ್' ಮಾಡುತ್ತೇನೆ ಅಂತ ಹೊರಡಬೇಡಿ. ನೋಡಬೇಕಾದ್ದು ಒಂದೇ: ಕೈಯಲ್ಲಿರುವ ಕಠಾರಿಯ ಭಾಗಗಳು ಒಂದಕ್ಕೊಂದು ಹೊಂದುತ್ತವಾ?

ಸಾಮಾನ್ಯವಾಗಿ ಎರಡು ಜಾತಿ ಸಿಗುತ್ತವೆ. ಒಂದು, ಅಧಿಕಾರಿಗಳು ಮೆರವಣಿಗೆಯಲ್ಲಿ ಹಿಡಿಯುವ ತೆಳ್ಳಗಿನ ನೆಟ್ಟನೆ ಕತ್ತಿ, ಅದಕ್ಕೆ ಡೇಗನ್ ಅನ್ನುತ್ತಾರೆ. ಇನ್ನೊಂದು ಬೇಟೆಗಾರರಿಂದ ಬಂದ ಗಿಡ್ಡ ಕತ್ತಿ, ಹಿರ್ಷ್‌ಫೆಂಗರ್. ನನಗೆ ಇಷ್ಟ ಎರಡನೆಯದು. ಕೊಂಬಿನ ಹಿಡಿ, ಅಡ್ಡಪಟ್ಟಿ, ಕೆಲವದರಲ್ಲಿ ಒರೆಯ ಬಾಯಿಯ ಮೇಲೆ ಬಾಗಿ ಕೂರುವ ಚಿಪ್ಪಿನಾಕಾರದ ತಗಡು. ಗೊಂದಲ ಜಾಸ್ತಿ ಆಗುವುದೂ ಇಲ್ಲೇ. ಅಡ್ಡಪಟ್ಟಿಯ ತುದಿ ಜಿಂಕೆ ಗೊರಸಿನ ಹಾಗಿದ್ದರೆ, ಚಿಪ್ಪಿನ ಮೇಲೆ ಬರೀ ಪ್ರಾಣಿಗಳಿದ್ದರೆ, ಅದು ಬೇಟೆಯವರದ್ದು ಇರಬಹುದು. ಹಿಡಿಯ ಮೇಲೆ ಓಕ್ ಕಾಯಿ ಆಕಾರದ ಗುಬುಟುಗಳಿದ್ದರೆ ಅರಣ್ಯ ಇಲಾಖೆಯವರದ್ದು ಅನ್ನುವ ಸಾಧ್ಯತೆ ಹೆಚ್ಚು. ಗುರಿಹಲಗೆ, ಅಡ್ಡಡ್ಡ ಇಟ್ಟ ಎರಡು ಬಂದೂಕು, ಊರಿನ ಲಾಂಛನ, ಸಂಘದ ಹೆಸರು, ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ನಾನು ಶೂಟಿಂಗ್ ಸಂಘದ್ದು ಅಂತ ಒಪ್ಪುತ್ತೇನೆ. ಬರೀ ಮಾರುವವರ ಮಾತು ಸಾಲದು.

ಇನ್ನೊಂದು ಮೋಸ ಇದೆ. ಸೈನಿಕರು ಸೇವೆ ಮುಗಿದ ನೆನಪಿಗೆ ಸ್ವಂತ ದುಡ್ಡಲ್ಲಿ ಕೊಳ್ಳುತ್ತಿದ್ದ ಅಲಂಕಾರದ ಬಯೋನೆಟ್ಟನ್ನೇ ಸಂಘದ ಕಠಾರಿ ಅಂತ ಮಾರುತ್ತಾರೆ. ಹಿಡಿಯ ತುದಿ ನೋಡಿ. ಬಂದೂಕಿಗೆ ಸಿಕ್ಕಿಸುವ ಸೀಳೋ ಒತ್ತುಗುಂಡಿಯೋ ಇದ್ದರೆ ಅದು ಬಯೋನೆಟ್.

ಈಗ ಹತ್ತಿರದಿಂದ ನೋಡುವ ಕೆಲಸ. ಹಿಡಿಯನ್ನು ದೀಪದ ಕೆಳಗೆ ತಿರುಗಿಸಿ. ಅಸಲಿ ಕೊಂಬಾದರೆ ಎರಡು ಮಗ್ಗುಲ ಉಬ್ಬುತಗ್ಗು ಒಂದೇ ಥರ ಇರಲು ಸಾಧ್ಯವೇ ಇಲ್ಲ. ತುದಿ ಕೊಯ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕಾಣುತ್ತದೆ. ಅಚ್ಚಿನಲ್ಲಿ ಎರೆದದ್ದಾದರೆ ಗೆರೆಗಳು ಎರಡೂ ಕಡೆ ಒಂದೇ ಲೆಕ್ಕದಲ್ಲಿ ಇರುತ್ತವೆ, ಅಂಚಿನಲ್ಲಿ ಜೋಡಣೆಯ ಗೆರೆ ಸಿಗುತ್ತದೆ. ಹಾಗಂತ ಅದು ನಕಲಿ ಅಂತಲ್ಲ, ಸೆಲ್ಯುಲಾಯ್ಡ್ ಅನ್ನುವ ಹಳೆ ಕಾಲದ ಪ್ಲಾಸ್ಟಿಕ್ ಹಿಡಿಯನ್ನು ಆಗಿನ ಕಾರ್ಖಾನೆಗಳೇ ಹಾಕುತ್ತಿದ್ದವು. ಆದರೆ ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿದರೆ ಮಾಡಬೇಡಿ. ಸೆಲ್ಯುಲಾಯ್ಡ್ ಭಗ್ ಅಂತ ಹೊತ್ತಿಕೊಳ್ಳುತ್ತದೆ.

ಆಮೇಲೆ ಅಲಗಿನ ಚಿತ್ತಾರ. ಇದನ್ನು ಕೊರೆದದ್ದಲ್ಲ, ಆಸಿಡ್‌ನಲ್ಲಿ ತಿನ್ನಿಸಿದ್ದು. ಚಿತ್ರದ ಭಾಗಕ್ಕೆ ಆಸಿಡ್ ತಡೆಯುವ ಲೇಪ ಹಚ್ಚಿ, ಉಳಿದ ಜಾಗ ಮಬ್ಬಾಗುವ ಹಾಗೆ ಬಿಡುತ್ತಿದ್ದರು. ಹಾಗಾಗಿ ಓಕ್ ಎಲೆ, ಬಂದೂಕು, ಅಕ್ಷರ ಎಲ್ಲ ಹೊಳೆಯುತ್ತವೆ, ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ತುಕ್ಕು ತಿಂದು ಗುಳಿ ಬಿದ್ದ ಒಂದು ಜಾಗ ಹುಡುಕಿ ಭೂತಗನ್ನಡಿ ಹಿಡಿಯಿರಿ. ಗುಳಿ ಚಿತ್ತಾರವನ್ನು ತಿಂದು ಹಾಕಿದ್ದರೆ ಸರಿ, ಚಿತ್ತಾರ ಮೊದಲು, ತುಕ್ಕು ಆಮೇಲೆ. ಗುಳಿಯ ಒಳಗೂ ಚಿತ್ತಾರ ನೀಟಾಗಿ ಇಳಿದು ಮುಂದುವರಿದಿದ್ದರೆ, ಹಳೆ ಸಾದಾ ಅಲಗಿನ ಮೇಲೆ ಯಾರೋ ಈಚೆಗೆ ಕೆಲಸ ಮಾಡಿದ್ದಾರೆ.

ಕಾಲ ಹೇಳಲು ಅಲಗಿನ ಬುಡದ ಗುರುತು ಸಹಾಯ ಮಾಡುತ್ತದೆ. ವೈಯರ್ಸ್‌ಬರ್ಗ್ ಕಿರ್ಷ್‌ಬಾಮ್ ಕಂಪನಿ ಆ ಹೆಸರಿಗೆ ಬಂದದ್ದೇ 1883ರಲ್ಲಿ. ಆ ಗುರುತಿರುವ ಕಠಾರಿ 1860ರದ್ದು ಅಂದರೆ ನಂಬಬೇಡಿ. 'ಮೇಡ್ ಇನ್ ಜರ್ಮನಿ' ಅನ್ನುವ ಬರಹ ಹಬ್ಬಿದ್ದು ಬ್ರಿಟನ್ 1887ರಲ್ಲಿ ಮಾಡಿದ ಕಾನೂನಿಂದ. ತುಕ್ಕು ಹಿಡಿಯದು ಅಂತ ಹೇಳುವ 'ರೋಸ್ಟ್‌ಫ್ರೈ' ಮುದ್ರೆ ಇದ್ದರೆ ಇನ್ನೂ ಸುಲಭ. ಕ್ರುಪ್ ಕಂಪನಿ ಅಂಥ ಉಕ್ಕಿಗೆ ಪೇಟೆಂಟ್ ಹಾಕಿದ್ದು 1912ರಲ್ಲಿ, ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಕಾರ್ಖಾನೆಗಳ ಗುರುತು ಹೇಳುವುದಾದರೆ, ಅಳಿಲಿನ ಚಿತ್ರ ಐಕ್‌ಹಾರ್ನ್‌ದು, ಥರ್ಮಾಮೀಟರ್ ಹೋಲರ್‌ದು, ತಕ್ಕಡಿ ಅಲ್ಕೋಸೋದ್ದು.

ತಕ್ಕಡಿಯ ಗುರುತು ಕಂಡಾಗ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ಅದು ಕೊಪ್ಪೆಲ್ ಅನ್ನುವ ಯಹೂದಿ ಮನೆತನದ ಕಾರ್ಖಾನೆ. ನಾಜಿಗಳು ಅದನ್ನು ಅವರ ಕೈಯಿಂದ ಕಿತ್ತುಕೊಂಡರು. ಅಲೆಕ್ಸಾಂಡರ್ ಕೊಪ್ಪೆಲ್ 1942ರಲ್ಲಿ ಥೆರೇಸಿಯನ್‌ಸ್ಟಾಟ್ ಶಿಬಿರದಲ್ಲಿ ತೀರಿಕೊಂಡರು. ಆ ಕಾಲದ, ಸ್ವಸ್ತಿಕ ಇರುವ ಸಂಘದ ಕಠಾರಿಗಳಿಗೆ ಮಾರುಕಟ್ಟೆಯಲ್ಲಿ ರೇಟು ಜಾಸ್ತಿ, ಅದಕ್ಕೇ ನಕಲಿಯೂ ಜಾಸ್ತಿ. ನಾನು ಅವನ್ನು ಕೊಳ್ಳುವುದಿಲ್ಲ. ಜರ್ಮನಿಯಲ್ಲಿ ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧವೂ ಹೌದು. ಅದಿಲ್ಲದೆಯೂ ಈ ಸಂಗ್ರಹಕ್ಕೆ ಏನೂ ಕೊರತೆಯಿಲ್ಲ. 1914ರ ಹಿಂದಿನವೂ ಸಿಗುತ್ತವೆ, 1951ರಲ್ಲಿ ಒಕ್ಕೂಟ ಮತ್ತೆ ಹುಟ್ಟಿದ ನಂತರದವೂ ಸಿಗುತ್ತವೆ. ಆಮೇಲಿನವು ಅಗ್ಗ, ಕಲಿಯಲು ಒಳ್ಳೆಯವು.

ಬೆಂಗಳೂರಿಗೆ ತರಿಸುವ ವಿಷಯ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಕಠಾರಿ ಎಲ್ಲ ಆಯುಧವೇ. ಹೊರದೇಶದಿಂದ ತರಲು ಲೈಸೆನ್ಸ್ ಬೇಕು. ಹಿರ್ಷ್‌ಫೆಂಗರ್‌ನ ಅಲಗು ಸಾಮಾನ್ಯವಾಗಿ ಇದಕ್ಕಿಂತ ಉದ್ದ. ಹಳೆಯದು, ಬರೀ ಶೋಕೇಸಿಗೆ ಅಂತ ಕಸ್ಟಮ್ಸ್‌ನಲ್ಲಿ ಹೇಳಿ ಪಾರಾಗಬಹುದು ಅಂದುಕೊಳ್ಳಬೇಡಿ. ದುಡ್ಡು ಕಟ್ಟುವ ಮೊದಲೇ ಲೈಸೆನ್ಸ್ ವಿಚಾರ ಮುಗಿಸಿ. ಅಷ್ಟರಲ್ಲಿ ಈ ಕಡೆ ಬಂದರೆ ಸೋಲಿಂಗನ್‌ನ ಗ್ರಾಫ್ರಾಟ್‌ನಲ್ಲಿ ಹಳೆ ಮಠದ ಕಟ್ಟಡದಲ್ಲಿರುವ ಕತ್ತಿಗಳ ಮ್ಯೂಸಿಯಂ ನೋಡಿ, ಅಸಲಿ ಅಲಗು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಮನೆಗೆ ಬಂದ ಮೇಲೆ ಕಠಾರಿಯನ್ನು ಚರ್ಮದ ಒರೆಯೊಳಗೆ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಅಲಗಿಗೆ ತುಕ್ಕು ತರುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಬೇರೆ ಬೇರೆ ಇಡಿ. ಬರಿಗೈಯಲ್ಲಿ ಅಲಗು ಮುಟ್ಟಿದರೆ ಒರೆಸಿ, ತೆಳುವಾಗಿ ಮೇಣ ಹಚ್ಚಿ. ಬ್ರಾಸೋ ಹಾಕಿ ಥಳಥಳ ಹೊಳೆಸುವ ಆಸೆ ಬಂದರೆ ತಡೆದುಕೊಳ್ಳಿ. ಹಳೆ ಲೇಪ ಒಮ್ಮೆ ಹೋದರೆ ಹೋಯಿತು.

ಯಾವುದಾದರೂ ಕಠಾರಿ ಕಣ್ಣಿಗೆ ಬಿದ್ದರೆ ಮಾರುವವರ ಹತ್ತಿರ ಈ ಫೋಟೋ ಕೇಳಿ: ಬುಡದ ಗುರುತು, ಹಿಡಿಯ ಎರಡೂ ಮಗ್ಗುಲು, ಹಿಡಿಯ ತುದಿ, ಒರೆಯ ಬಾಯಿ, ಅಲಗನ್ನು ಒರೆಯ ಪಕ್ಕ ಇಟ್ಟು ತೆಗೆದದ್ದು. ಒರೆಗಿಂತ ಅಲಗು ತೀರಾ ಗಿಡ್ಡ ಇದ್ದರೆ, ಇಲ್ಲವೇ ಹಿಡಿಯ ಲೋಹ ಹಿತ್ತಾಳೆಯಾಗಿ ಒರೆಯ ಲೋಹ ನಿಕಲ್ ಆಗಿದ್ದರೆ, ಎರಡು ಕಠಾರಿ ಸೇರಿಸಿ ಒಂದು ಮಾಡಿದ್ದಾರೋ ಏನೋ ಅಂತ ಕೇಳಿ ನೋಡಿ. ಫೋಟೋ ಇಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.