ಎಂಟನೇ ತರಗತಿಯ ಮಗಳ ಚಿತ್ರಕಲೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಎಂಟನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗಳು ಮೊಬೈಲಿನಲ್ಲಿ ಕಂಡ ಚಿತ್ರಗಳನ್ನು ಅಚ್ಚುಕಟ್ಟಾಗಿ ನಕಲು ಮಾಡುತ್ತಾಳೆ, ಆದರೆ ಎದುರಿಗಿಟ್ಟ ವಸ್ತುವನ್ನು ಬರೆಯಲು ಹಿಂಜರಿಯುತ್ತಾಳೆ, ಆದ್ದರಿಂದ ಚಿತ್ರಕಲಾ ತರಗತಿಗೆ ಸೇರಿಸಬೇಕೇ ಎಂದು ಕೇಳಿದ್ದೀರಿ. ಸೇರಿಸಿ, ಆದರೆ ಅಲ್ಲಿಯೂ ನಕಲನ್ನೇ ಮಾಡಿಸುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸಿ.

ಈ ವಯಸ್ಸಿನಲ್ಲಿ ತಮ್ಮ ಚಿತ್ರ ನಿಜದಂತೆ ಕಾಣುತ್ತಿಲ್ಲವೆಂಬ ಅಳುಕು ಅನೇಕ ಮಕ್ಕಳಲ್ಲಿ ಮೂಡುತ್ತದೆ, ಎಷ್ಟೋ ಮಕ್ಕಳು ಪೆನ್ಸಿಲ್ ಕೆಳಗಿಡುವುದೂ ಆಗಲೇ. ಮನೆಯಲ್ಲಿರುವ ಒಂದು ಹಿತ್ತಾಳೆ ಚೊಂಬನ್ನು ಕಿಟಕಿಯ ಬಳಿ ಇಟ್ಟು ಬರೆಯಲು ಹೇಳಿ. ಬಾಯಿ ದುಂಡಗಿದೆಯೆಂದು ಗೊತ್ತಿರುವುದರಿಂದ ಅವಳು ಪೂರ್ಣ ವೃತ್ತವನ್ನೇ ಬರೆದು, ತಳವನ್ನು ನೇರ ಗೆರೆಯಲ್ಲಿ ಮುಗಿಸಬಹುದು. ತಿದ್ದಲು ಹೋಗಬೇಡಿ. ಚೊಂಬನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಾಗ ಬಾಯಿ ಬರಿಯ ಗೆರೆಯಂತಾಗುವುದನ್ನೂ, ನಿಧಾನವಾಗಿ ಕೆಳಗಿಳಿಸಿದಂತೆ ಅದು ಅಂಡಾಕಾರವಾಗಿ ತೆರೆದುಕೊಳ್ಳುವುದನ್ನೂ ತೋರಿಸಿ, ಮತ್ತೆ ಬರೆಯಲು ಬಿಡಿ. ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಕಲಿಸುವ ನನಗೆ, ಆ ಎರಡನೆಯ ಚಿತ್ರವನ್ನು ನೋಡುವುದೇ ಪ್ರತಿ ವರ್ಷದ ದೊಡ್ಡ ಸಂತೋಷ.

ಬಿಡುವಾದಾಗ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಕರೆದೊಯ್ಯಿರಿ. ರಷ್ಯಾ ಮೂಲದ ಕಲಾವಿದ ರೋರಿಕ್ ಅವರ ಹಿಮಾಲಯದ ಚಿತ್ರಗಳೂ ತೊಗಲುಗೊಂಬೆಗಳೂ ಅಲ್ಲಿವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನೂ ತೋರಿಸಿ. ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೇಡ, ಅವಳಿಗೆ ಹಿಡಿಸಿದ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಲಿ.

ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂಬ ಚಿತ್ರಕಲಾ ಪರೀಕ್ಷೆಗಳ ಯೋಚನೆ ಆಮೇಲೆ ಇರಲಿ. ದುಬಾರಿ ಬಣ್ಣದ ಪೆಟ್ಟಿಗೆಯೂ ಈಗ ಬೇಡ. ಒಂದು 4ಬಿ ಪೆನ್ಸಿಲ್, ಗೆರೆಯಿಲ್ಲದ ಒಂದು ಪುಸ್ತಕ ಸಾಕು.