ಜನರೇಟರ್ ಜಗಲಿಗೆ ಬೇಡ, ಅಂಗಳದ ಆಚೆ ಇಡಿ

ಮೂಡಿಗೆರೆ ಕಡೆಯಿಂದ ಕೇಳಿದ ಅಣ್ಣನವರಿಗೆ ನಮಸ್ಕಾರ. ಮಳೆಗಾಲಕ್ಕೆ ಮುಂಚೆ 7.5 ಕೆವಿಎ ಸಿಂಗಲ್ ಫೇಸ್ ಡೀಸೆಲ್ ಸೆಟ್ ಬರುತ್ತಿದೆ, ಹಿಂದಿನ ಜಗಲಿಯಲ್ಲಿ ಸೌದೆ ಪಕ್ಕ ಇಡಬಹುದಾ ಅಂತ ಕೇಳಿದ್ದೀರಿ. "ಕ್ಯಾನೋಪಿ ಇದೆಯಲ್ಲ, ಜಗಲಿಯಲ್ಲೇ ಇಡಿ" ಅಂತ ಒಬ್ಬರು ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಯಾನೋಪಿ ಅಂದರೆ ಸೆಟ್ ಸುತ್ತ ಇರುವ ಪೆಟ್ಟಿಗೆ, ಅದು ಸದ್ದು ತಗ್ಗಿಸುತ್ತದೆ. ಹೊಗೆ ತಡೆಯುವುದಿಲ್ಲ.

ನಾನೂ ಇದೇ ತಪ್ಪು ಮಾಡಿದ್ದೆ. ನಮ್ಮದು ಗುಡ್ಡ ಕಡಿದು ಕಟ್ಟಿದ ಮನೆ. ಅಡುಗೆಮನೆ ಗೋಡೆಗೂ ಹಿಂದಿನ ಧರೆಗೂ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆಗೂ, ನಡುವೆ ಐದಾರು ಅಡಿ ಓಣಿ. ಮೇಲೆ ಶೀಟು ಇತ್ತು, ನೆನೆಯುವುದಿಲ್ಲ ಅಂತ ಸೆಟ್ ಅಲ್ಲೇ ಇಟ್ಟೆ. ಆ ವರ್ಷ ಲೈನ್ ಮೇಲೆ ಸಿಲ್ವರ್ ಓಕ್ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಮೊದಲ ರಾತ್ರಿಯೇ ಅಮ್ಮನಿಗೆ ತಲೆನೋವು, ವಾಕರಿಕೆ. ಮಗಳಿಗೂ ಅದೇ. ಥಂಡಿ ಹಿಡಿದಿದೆ ಅಂತ ಕಷಾಯ ಕೊಟ್ಟು, ಕಿಟಕಿಗಳನ್ನು ಇನ್ನೂ ಗಟ್ಟಿಯಾಗಿ ಮುಚ್ಚಿದೆವು. ಬೆಳಿಗ್ಗೆ ಕಣದಲ್ಲಿ ಬಂದು ಕೂತ ಮೇಲೆ ಇಬ್ಬರಿಗೂ ಹಗುರಾಯಿತು. ರಾತ್ರಿ ಮತ್ತೆ ಶುರು. ಡಾಕ್ಟರ್ ಹತ್ತಿರ ಹೋದಾಗ ಅವರು ನಾಡಿ ಹಿಡಿದುಕೊಂಡೇ ಕೇಳಿದರು: "ಜನರೇಟರ್ ಎಲ್ಲಿಟ್ಟಿದ್ದೀರಿ?"

ಆ ತಲೆನೋವಿಗೆ ಕಾರಣ ಜನರೇಟರ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಸೆಟ್‌ಗಿಂತ ಡೀಸೆಲ್‌ನಲ್ಲಿ ಕಡಿಮೆ ಬರುತ್ತದೆ, ನಿಜ. ಆದರೆ ಗಾಳಿಯಾಡದ ಕಡೆ ಅಷ್ಟೂ ಸಾಕು. ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾದರೆ, ಮೊದಲು ಸೆಟ್ ಆಫ್ ಮಾಡಿ ಎಲ್ಲರನ್ನೂ ಅಂಗಳಕ್ಕೆ ಕರೆತನ್ನಿ. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ಜಾಗದ ವಿಚಾರ. ಮನೆಯ ಯಾವುದೇ ಕಿಟಕಿ, ಬಾಗಿಲು, ಗಾಳಿಕಿಂಡಿಯಿಂದ ಕನಿಷ್ಠ 20 ಅಡಿ ದೂರ ಇರಲಿ. ನಾನು ಈಗ 30 ಅಡಿ ಬಿಟ್ಟಿದ್ದೇನೆ. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಗೋಡೆಯಿಂದ ಎರಡು ಮೂರು ಅಡಿ ಸಾಕು ಅಂತ ಇರುತ್ತದೆ. ಅದು ಬೆಂಕಿ ತಾಗದಿರಲಿ, ರಿಪೇರಿಗೆ ಕೈ ಹೋಗಲಿ ಅಂತ ಕೊಟ್ಟ ಅಂತರ. ಅದನ್ನು ನೋಡಿ ಕಿಟಕಿ ಕೆಳಗೆ ಇಡಬೇಡಿ. ತೊಟ್ಟಿಮನೆಯ ತೊಟ್ಟಿಯೂ ಬೇಡ. ಮೇಲೆ ಆಕಾಶ ಕಂಡರೂ ಹೊಗೆ ಕೋಣೆಗಳಿಗೇ ಇಳಿಯುತ್ತದೆ. ಧರೆ ಬುಡವಂತೂ ಬೇಡವೇ ಬೇಡ. ಹೊಗೆ ನಿಲ್ಲುವುದು ಒಂದು, ಜೋರು ಮಳೆಗೆ ಮಣ್ಣು ಜಾರಿ ಸೆಟ್ ಮೇಲೆ ಕೂರುವುದು ಇನ್ನೊಂದು.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಕರೆಂಟ್ ಜಾಸ್ತಿ ಹೋಗುವುದೂ ಆಗಲೇ ಅಲ್ವಾ? ಹಾಗಾಗಿ ಮನೆಯ ಪೂರ್ವ ಅಥವಾ ಈಶಾನ್ಯದ ಕಡೆ ಜಾಗ ನೋಡಿ, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಮಾಡಿರಲಿ. ಗಾಳಿ ಗೋಡೆ ದಾಟಿ ಸುಳಿ ಹೊಡೆದು ಹಿಂದಕ್ಕೂ ಬರುತ್ತದೆ, ಆದ್ದರಿಂದ ದಿಕ್ಕು ಸರಿ ಇದ್ದರೂ ದೂರ ಕಡಿಮೆ ಮಾಡಬೇಡಿ. ಸಿಲ್ವರ್ ಓಕ್ ಕೆಳಗೆ ಬೇಡ.

ಮಳೆಗೆ ಹೆದರಿ ಸೆಟ್ಟನ್ನು ಮನೆಯೊಳಗೆ ತರುವ ಬದಲು ಅದಕ್ಕೇ ಒಂದು ಮಾಡು ಮಾಡಿಸಿ. ನಾಲ್ಕು ಕಬ್ಬಿಣದ ಕಂಬ, ಮೇಲೆ ಶೀಟು, ನಾಲ್ಕೂ ಕಡೆ ತೆರೆದಿರಲಿ. ಇರಚಲು ಹೊಡೆಯುವ ಪಶ್ಚಿಮಕ್ಕೆ ಮಾತ್ರ ಮೂರು ಅಡಿ ಬಿಟ್ಟು ಒಂದು ಶೀಟು ನಿಲ್ಲಿಸಬಹುದು. ರೇಡಿಯೇಟರ್ ಬಿಸಿಗಾಳಿ ಹೊರಡುವ ಕಡೆ ಏನೂ ಅಡ್ಡ ಬೇಡ. ಸೆಟ್ ಕೆಳಗೆ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ, ಸುತ್ತ ನೀರು ಹರಿಯಲು ಚರಂಡಿ. ಸೌದೆ, ಗೋಣಿಚೀಲ, ಡೀಸೆಲ್ ಕ್ಯಾನು ಅಲ್ಲಿ ಇಡಬೇಡಿ. ಇಂಜಿನ್ ತಣ್ಣಗಾದ ಮೇಲೆಯೇ ಡೀಸೆಲ್ ತುಂಬಿ.

ಮನೆಗೆ ಬರುವ ಕೇಬಲ್ ಆರ್ಮರ್ಡ್, ಅಂದರೆ ಲೋಹದ ಕವಚ ಇರುವುದು, ಇರಲಿ, ತಾಮ್ರದ್ದಾದರೆ 10 ಸ್ಕ್ವೇರ್ ಎಂಎಂ. ಎರಡೂವರೆ ಅಡಿ ಆಳದಲ್ಲಿ ಮರಳು ಹಾಸಿ, ಮೇಲೆ ಇಟ್ಟಿಗೆ ಸಾಲು ಇಟ್ಟು ಮುಚ್ಚಿಸಿ. ಕಾಡುಹಂದಿ ಕೆದಕುವ ಜಾಗ ನಮ್ಮದು. ಸೆಟ್‌ನ ಲೋಹದ ಮೈಗೆ ಎರಡು ಬೇರೆ ಬೇರೆ ಅರ್ಥಿಂಗ್ ಬೇಕು. ನ್ಯೂಟ್ರಲ್‌ಗೆ ಪ್ರತ್ಯೇಕ.

ಮನೆಗೆ ಲೈನ್ ಅಥವಾ ಜನರೇಟರ್ ಎರಡರಲ್ಲಿ ಒಂದನ್ನಷ್ಟೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಬಗ್ಗೆ ಒತ್ತಿ ಹೇಳುತ್ತೇನೆ. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ ಮನೆಗೆ ಕರೆಂಟ್ ಕೊಡುವವರನ್ನು ನೋಡಿದ್ದೇನೆ. ಮೇನ್ ಆಫ್ ಮಾಡಲು ಮರೆತರೆ ನಿಮ್ಮ 230 ವೋಲ್ಟ್ ಲೈನಿಗೆ ವಾಪಸ್ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಆಚೆ ಅದು 11,000 ವೋಲ್ಟ್ ಆಗಿ, ಲೈನ್ ರಿಪೇರಿ ಮಾಡುವವರ ಜೀವ ತೆಗೆಯಬಹುದು. ಆ ಮೂರನೇ ದಿನ ನಮ್ಮ ಗೇಟಿನ ಕಂಬದ ಹತ್ತಿರ ಮೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಪವರ್‌ಮ್ಯಾನ್ ಬಂದಿದ್ದರು. ರೇನ್‌ಕೋಟ್‌ನಿಂದ ನೀರು ಸುರಿಯುತ್ತಿತ್ತು. ಏಣಿ ಇಡುವ ಮುಂಚೆ "ಅಣ್ಣಾ, ಜನರೇಟರ್ ಇದ್ದರೆ ಆಫ್ ಮಾಡಿ ಬನ್ನಿ" ಅಂತ ಕೂಗಿದರು. ನಮ್ಮ ಸ್ವಿಚ್ ಸರಿ ಇತ್ತು, ಆದರೂ ಓಡಿ ಹೋಗಿ ಆಫ್ ಮಾಡಿದೆ. ಸಿಂಗಲ್ ಫೇಸ್ ಮನೆಗೆ ಎರಡು ಪೋಲ್, ತ್ರೀ ಫೇಸ್ ಇದ್ದರೆ ನಾಲ್ಕು ಪೋಲ್ ಸ್ವಿಚ್ ಹಾಕಿಸಿ. ಸ್ವಿಚ್ ತಿರುಗಿಸಿದಾಗ ಫೇಸ್ ಜೊತೆ ನ್ಯೂಟ್ರಲ್ ಕೂಡ ಲೈನಿನಿಂದ ಬೇರೆಯಾಗಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ, ಮೆಸ್ಕಾಂ ಸೆಕ್ಷನ್ ಆಫೀಸಿಗೂ ತಿಳಿಸಿ.

5 ಎಚ್‌ಪಿ ಪಂಪ್ ಈ ಸೆಟ್‌ನಲ್ಲಿ ನಡೆಯುವುದಿಲ್ಲ. ನೇರ ಸ್ಟಾರ್ಟರ್‌ನಲ್ಲಿ ಮೋಟಾರ್ ಶುರುವಾಗುವಾಗ ಮಾಮೂಲಿಗಿಂತ ಆರು ಪಟ್ಟಿನಷ್ಟು ಕರೆಂಟ್ ಎಳೆಯುತ್ತದೆ. ಸುಮ್ನೆ ಪ್ರಯತ್ನಿಸಬೇಡಿ.

ಮಲಗುವ ಕೋಣೆ ಹತ್ತಿರ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಹಾಕಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನೆಯ ನಕ್ಷೆ ಒಂದು ಹಾಳೆಯಲ್ಲಿ ಗೀಚಿ ಫೋಟೋ ಹಾಕಿ. ಕಿಟಕಿ, ಧರೆ, ಮೀಟರ್ ಬೋರ್ಡ್ ಎಲ್ಲಿವೆ ಗುರುತು ಮಾಡಿ. ಕಟ್ಟೆಗೆ ಕಾಂಕ್ರೀಟ್ ಹಾಕುವ ಮೊದಲು ಜಾಗ ಸರಿ ಇದೆಯಾ ನೋಡಿ ಹೇಳುತ್ತೇನೆ.